ರಾಜ್, ಡ್ವೇನ್, ರೀರನ್: ‘ವಾಟ್ಸ್ ಹ್ಯಾಪನಿಂಗ್’ ಮತ್ತೆ ನೋಡಿದಾಗ

ತಂದೆಯವರ ಉದ್ಯೋಗದ ನಿಮಿತ್ತ 1980ರ ದಶಕದ ಆರಂಭದಲ್ಲಿ ನಾವು ಕೆಲವು ವರ್ಷ ಅಮೆರಿಕದಲ್ಲಿದ್ದೆವು. ಶಾಲೆಯಿಂದ ಬಂದೊಡನೆ ನಾನು ತಪ್ಪದೆ ನೋಡುತ್ತಿದ್ದುದು ‘ವಾಟ್ಸ್ ಹ್ಯಾಪನಿಂಗ್’ ಎಂಬ ಹಾಸ್ಯ ಧಾರಾವಾಹಿಯ ಮರುಪ್ರಸಾರವನ್ನು. ಅದರ ನಾಯಕನ ಹೆಸರು ರಾಜ್ ಎಂದು ಕೇಳಿ ಅವನು ನಮ್ಮ ಕಡೆಯವನೇ ಇರಬೇಕೆಂದು ನಂಬಿದ್ದೆ. ರೋಜರ್ ಎಂಬ ಹೆಸರನ್ನು ಮೊಟಕುಗೊಳಿಸಿ ಹಾಗೆ ಕರೆಯುತ್ತಾರೆಂಬುದು ಆಮೇಲೆ ತಿಳಿಯಿತು. ಈಚೆಗೆ ಡಿವಿಡಿ ತರಿಸಿ ಮೂರು ಸರಣಿಗಳ 65 ಕಂತುಗಳನ್ನೂ ನೋಡಿ ಮುಗಿಸಿದೆ.

1976ರಿಂದ 1979ರವರೆಗೆ ಎಬಿಸಿ ವಾಹಿನಿಯಲ್ಲಿ ಬಂದ ಈ ಧಾರಾವಾಹಿ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಮೂವರು ಆಫ್ರಿಕನ್ ಅಮೆರಿಕನ್ ಹುಡುಗರ ಕಥೆ. ಬರಹಗಾರನಾಗಬೇಕೆಂಬ ಕನಸಿನ ರಾಜ್, ‘ಹೇ ಹೇ ಹೇ’ ಎನ್ನುತ್ತಲೇ ಒಳಬರುವ ಡ್ವೇನ್, ಕೆಂಪು ಟೋಪಿಯ ರೀರನ್ ಮೂವರೂ ರಾಬ್ಸ್ ಪ್ಲೇಸ್ ಎಂಬ ಹೋಟೆಲಿನಲ್ಲಿ ಸೇರುತ್ತಾರೆ. 1965ರ ಜನಾಂಗೀಯ ಗಲಭೆಯಲ್ಲಿ ಆರು ದಿನ ಹೊತ್ತಿ ಉರಿದು 34 ಜನರನ್ನು ಕಳೆದುಕೊಂಡ ವಾಟ್ಸ್ ಇದೇ ಎಂಬುದು ಬಾಲ್ಯದಲ್ಲಿ ನನಗೆ ಗೊತ್ತಿರಲಿಲ್ಲ. ಬೆಂಕಿಯಿಂದಷ್ಟೇ ಹೊರಜಗತ್ತಿಗೆ ಪರಿಚಿತವಾಗಿದ್ದ ಆ ಊರಿನ ಮಕ್ಕಳು ಪರೀಕ್ಷೆ, ಪ್ರೇಮ, ಕೈಖರ್ಚಿನ ಕಾಸು ಎಂದು ಎಲ್ಲ ಮಕ್ಕಳಂತೆ ತಲೆಕೆಡಿಸಿಕೊಳ್ಳುವುದನ್ನು ಕಾಣುವಾಗ ಈ ಹಗುರವಾದ ಹಾಸ್ಯದ ಬೆಲೆ ನನಗೀಗ ಅರ್ಥವಾಗುತ್ತಿದೆ.

ಆಗ ನನ್ನ ಕಣ್ಣೆಲ್ಲ ರೀರನ್‌ನ ಕುಣಿತದ ಮೇಲಿತ್ತು. ಆ ಪಾತ್ರದ ಫ್ರೆಡ್ ಬೆರ್ರಿ ‘ದಿ ಲಾಕರ್ಸ್’ ಎಂಬ ಹೆಸರಾಂತ ನೃತ್ಯತಂಡದಲ್ಲಿದ್ದವರು; ಅಷ್ಟು ಭಾರದ ದೇಹ ಅಷ್ಟು ಹಗುರವಾಗಿ ತಿರುಗಿ ತಟಕ್ಕನೆ ನಿಲ್ಲುವುದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಡೂಬಿ ಬ್ರದರ್ಸ್ ವಾದ್ಯವೃಂದ ತಾನೇ ಬಂದು ಹಾಡಿದ 1978ರ ಕಂತುಗಳಲ್ಲಿ, ಕದ್ದು ಧ್ವನಿಮುದ್ರಿಸಲು ಕೋಟಿನೊಳಗೆ ಬಚ್ಚಿಟ್ಟ ಟೇಪ್ ರೆಕಾರ್ಡರ್ ಅವನ ಕುಣಿತದ ರಭಸಕ್ಕೇ ಕೆಳಗೆ ಬೀಳುವ ದೃಶ್ಯವನ್ನು ನಾನು ಎರಡು ಬಾರಿ ಹಿಂದಕ್ಕೆ ತಿರುಗಿಸಿ ನೋಡಿದೆ.

ಆದರೆ ಈ ಸಲ ಮನಸ್ಸು ನಿಂತದ್ದು ರಾಜ್‌ನ ತಾಯಿಯ ಬಳಿ. ಗಂಡನಿಂದ ಬೇರೆಯಾಗಿ, ಮನೆಗೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕುವ ಆ ಹೆಂಗಸನ್ನು ಮೇಬಲ್ ಕಿಂಗ್ ತುಂಬು ಗಾಂಭೀರ್ಯದಿಂದ ಅಭಿನಯಿಸಿದ್ದಾರೆ. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಹುಡುಗರ ಬೆನ್ನು ನೆಟ್ಟಗಾಗುತ್ತದೆ. ಅಮ್ಮನಿಗೆ ಹೇಳಿಬಿಡುತ್ತೇನೆಂದು ಹೆದರಿಸಿ, ಬಾಯಿ ಮುಚ್ಚಿಕೊಂಡಿರಲು ಅಣ್ಣನಿಂದ ಕಾಸು ಕೀಳುವ ತಂಗಿ ಡೀ ಕೂಡ ಆ ಭಯದ ಬಲದಲ್ಲೇ ಮೆರೆಯುತ್ತಾಳೆ. ಮುಖದ ಒಂದು ಗೆರೆಯೂ ಅಲುಗದಂತೆ ಮಾತನಾಡುವ ಡೇನಿಯಲ್ ಸ್ಪೆನ್ಸರ್ ಎಂಬ ಆ ಪುಟ್ಟ ಹುಡುಗಿಯೇ ಇಡೀ ತಂಡದಲ್ಲಿ ಅತಿ ನಿಖರ ಹಾಸ್ಯನಟಿ ಎಂಬುದು ನನ್ನ ಅಭಿಪ್ರಾಯ.

ಹಳಸಿದ ಭಾಗಗಳೂ ಇವೆ. ರೀರನ್‌ನ ಮತ್ತು ಹೋಟೆಲಿನಲ್ಲಿ ಬಡಿಸುವ ಶರ್ಲಿಯ ಮೈಕಟ್ಟನ್ನು ಗೇಲಿ ಮಾಡುವ ಮಾತುಗಳು ಲೆಕ್ಕವಿಲ್ಲದಷ್ಟಿವೆ. ಬಾಲ್ಯದಲ್ಲಿ ಅವಕ್ಕೆ ನಕ್ಕಿದ್ದೆ, ಈಗ ನಗು ಬರಲಿಲ್ಲ. ಶರ್ಲಿ ಹೆಂಪ್‌ಹಿಲ್ ಅಷ್ಟೇ ಹರಿತವಾಗಿ ತಿರುಗೇಟು ಕೊಡುವುದರಿಂದ ಆ ದೃಶ್ಯಗಳು ಹೇಗೋ ಉಳಿದುಕೊಳ್ಳುತ್ತವೆ.

ಮೂರನೆಯ ಸರಣಿಯಲ್ಲಿ ಮೇಬಲ್ ಕಿಂಗ್ ಇಲ್ಲ. ರಾಜ್ ಮತ್ತು ರೀರನ್ ಬೇರೆ ಮನೆ ಮಾಡಿ ಕಾಲೇಜಿಗೆ ಹೋಗುತ್ತಾರೆ. ತಪ್ಪು ಮಾಡಿದ ಮಕ್ಕಳು ಎದುರಿಸಿ ನಿಲ್ಲಬೇಕಾದ ಮುಖವೇ ಮನೆಯಲ್ಲಿಲ್ಲದ ಮೇಲೆ ಕಥೆಗಳು ಸಡಿಲವಾಗುತ್ತವೆ. ಹೊಸದಾಗಿ ನೋಡುವವರಿಗೆ ಮೊದಲ ಎರಡು ಸರಣಿಗಳನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಮೂರನೆಯದನ್ನು ನಾನು ಡೀಗೋಸ್ಕರ ಇಟ್ಟುಕೊಂಡಿದ್ದೇನೆ.