2ಟು3: ಹಳೇ ಪೈಥಾನ್ ಕೋಡ್ ಬದಲಿಸುವ ಟೂಲ್ ಬಗ್ಗೆ, ಐದು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್.

ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ವಿಳಾಸದ ಸ್ಟಿಕ್ಕರ್ ಹೊಡೆಯೋಕೆ ಅಂತ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ ಪೈಥಾನ್ 2ರಲ್ಲಿ ನಾನೇ ಬರೆದುಕೊಂಡ ಹದಿನೈದಿಪ್ಪತ್ತು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಇದ್ದವು. 2020ರ ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲ ನಿಂತು ಅದರ ಕಥೆ ಮುಗೀತು, ಎಲ್ಲ ಪೈಥಾನ್ 3ಕ್ಕೆ ಬದಲಿಸಬೇಕಾಯಿತು. ಎಲ್ಲವನ್ನೂ ಕೈಯಲ್ಲೇ ತಿದ್ದುವ ತಾಳ್ಮೆ ನನಗಿರಲಿಲ್ಲ. ಪೈಥಾನ್ ಜೊತೆಗೇ ಬರುತ್ತಿದ್ದ 2ಟು3 ಹಿಡಿದುಕೊಂಡೆ. ದುಡ್ಡು ಕೊಡೋ ಹಾಗೂ ಇಲ್ಲ.

ಸುಮ್ನೆ ಓಡಿಸಿದರೆ ಏನೇನು ಬದಲಾಗುತ್ತದೆ ಅಂತ ತೋರಿಸುತ್ತದೆ, ಅಷ್ಟೇ. ಡಬ್ಲ್ಯೂ ಆಪ್ಷನ್ ಕೊಟ್ಟರೆ ಮಾತ್ರ ಫೈಲ್ ಮುಟ್ಟುತ್ತದೆ, ಹಳೇ ಫೈಲನ್ನೂ ಪಕ್ಕದಲ್ಲೇ ಉಳಿಸುತ್ತದೆ. ಪ್ರಿಂಟ್‌ಗೆ ಬ್ರಾಕೆಟ್, ಎಕ್ಸ್‌ರೇಂಜ್ ಇದ್ದಲ್ಲಿ ರೇಂಜ್ (ಇಷ್ಟು ಸಲ ಅಂತ ಎಣಿಸುವ ಆಜ್ಞೆ), ಇಂಥದ್ದೆಲ್ಲ ಒಂದೇ ಮಧ್ಯಾಹ್ನ ಮುಗಿಯಿತು. ಒಂದೇ ಫೈಲಿಗೆ ಎರಡು ಸಲ ಮಾತ್ರ ಓಡಿಸಬೇಡಿ. ಪ್ರಿಂಟ್ ಒಳಗೆ ಕಾಮಾ ಇದ್ದರೆ ಬ್ರಾಕೆಟ್ ಮೇಲೆ ಬ್ರಾಕೆಟ್ ಕೂರುತ್ತದೆ.

ಆಮೇಲೆ ಶುರುವಾಯಿತು ನೋಡಿ. ಭಾಗಾಕಾರವನ್ನು ಇದು ಮುಟ್ಟುವುದೇ ಇಲ್ಲ. ಒಂದು ಶೀಟಿಗೆ 24 ಸ್ಟಿಕ್ಕರ್, 100 ವಿಳಾಸ ಅಂದರೆ, ಕೊನೇ ಅರೆಬರೆ ಶೀಟೂ ಸೇರಲಿ ಅಂತ 100ಕ್ಕೆ 23 ಕೂಡಿಸಿ 24ರಿಂದ ಭಾಗಿಸುತ್ತಿದ್ದೆ. ಪೈಥಾನ್ 2 ದಶಾಂಶ ಬಿಟ್ಟು 5 ಶೀಟ್ ಅನ್ನುತ್ತಿತ್ತು, ಈಗ 5.125 ಅಂತ ಬಂತು. ರೇಂಜ್‌ಗೆ ಪೂರ್ಣಸಂಖ್ಯೆಯೇ ಬೇಕು, ಅದನ್ನು ಒಪ್ಪದೆ ಎರರ್ ಕೊಟ್ಟು ನಿಂತಿದ್ದರಿಂದ ಸಿಕ್ಕಿಬಿತ್ತು, ಪುಣ್ಯ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. ಪೈಥಾನ್ 2 ನನ್ನ ಫೈಲನ್ನು ಬರೀ ಬೈಟ್ (ಕಂಪ್ಯೂಟರ್ ಅಕ್ಷರವನ್ನು ಇಡುವ ಸಂಖ್ಯೆ) ಅಂತ ಓದಿ ಹಾಗೇ ಬರೆದುಬಿಡುತ್ತಿತ್ತು. ಪೈಥಾನ್ 3 ಓದುವಾಗಲೇ ಅಕ್ಷರ ಮಾಡುತ್ತದೆ, ಅದೂ ನನ್ನ ವಿಂಡೋಸ್‌ನಲ್ಲಿ 1252 ಅನ್ನೋ ಇಂಗ್ಲಿಷ್ ಅಕ್ಷರಗಳ ಪಟ್ಟಿ ಹಿಡಿದುಕೊಂಡು. ನನ್ನ ಫೈಲ್ ಇದ್ದದ್ದು ಯುಟಿಎಫ್-8ರಲ್ಲಿ, ಅಂದರೆ ಕನ್ನಡವನ್ನೂ ಬೈಟ್ ಮಾಡಿ ಇಡುವ ಪದ್ಧತಿಯಲ್ಲಿ. ನಮ್ಮ ಅರ್ಧಾಕ್ಷರದ ಚಿಹ್ನೆ ಅದರಲ್ಲಿ ಮುಗಿಯುವುದು 8ಡಿ ಅನ್ನೋ ಬೈಟ್‌ನಿಂದ, ಆ ಪಟ್ಟಿಯಲ್ಲಿ 8ಡಿ ಜಾಗ ಖಾಲಿ. ಹಾಗಾಗಿ 'ರಮಾ' ಅಂತ ಇದ್ದರೆ ಕಸದಂಥ ಅಕ್ಷರವಾಗಿಯಾದರೂ ದಾಟುತ್ತಿತ್ತು, 'ಲಕ್ಷ್ಮಿ' ಬಂದ ಕೂಡಲೇ ಪ್ರೋಗ್ರಾಂ ಮಲಗುತ್ತಿತ್ತು. ಫೈಲ್ ತೆರೆಯುವ ಓಪನ್ ಆಜ್ಞೆ ಇರೋ ಕಡೆಯೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಅಂತ ನಾನೇ ಸೇರಿಸಿದೆ.

ನಿಜವಾಗಿ ದುಡ್ಡು ಹೋಗಿದ್ದು ಇನ್ನೊಂದರಲ್ಲಿ. ಹೆಸರು ಉದ್ದವಾದರೆ 45ಕ್ಕೆ ಕತ್ತರಿಸು ಅಂತ ಒಂದು ಸಾಲಿತ್ತು. ಪೈಥಾನ್ 2ರಲ್ಲಿ 'ಕನ್ನಡ' ಅಂದರೆ 15 ಬೈಟ್, 3ರಲ್ಲಿ ಅರ್ಧಾಕ್ಷರದ ಚಿಹ್ನೆಯೂ ಸೇರಿ 5 ಅಕ್ಷರ (ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅದು ಬೇರೆ ಗೋಳು). ಅಂದರೆ 45 ಅನ್ನೋದು ಒಂದೇಟಿಗೆ ಮೂರು ಪಟ್ಟು ಜಾಸ್ತಿ ಆಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಹೆಸರುಗಳು ಪಕ್ಕದ ಸ್ಟಿಕ್ಕರ್ ಮೇಲೆ ಹತ್ತಿ ಕೂತಿದ್ದವು, ನಾನು ನೋಡುವಷ್ಟರಲ್ಲಿ ಒಂದು ಕಟ್ಟು ಶೀಟ್ ಹಾಳು. ಟೂಲ್ ಮೇಲೆ ತಪ್ಪು ಹೊರಿಸೋಕಾಗಲ್ಲ, ಒಂದು ಶೀಟ್ ಹೊಡೆದು ನೋಡಬೇಕಿತ್ತು ನಾನು.

2024ರಲ್ಲಿ ಬಂದ ಪೈಥಾನ್ 3.13ರಲ್ಲಿ 2ಟು3 ತೆಗೆದುಹಾಕಿದ್ದಾರೆ. ಹಳೇ ಕೋಡ್ ಇನ್ನೂ ಬಾಕಿ ಇರುವವರು 3.12 ಇರೋ ಒಂದು ಕಂಪ್ಯೂಟರ್ ಹಾಗೇ ಬಿಟ್ಟಿರಿ. ನಾನು ಬಿಟ್ಟಿದ್ದೇನೆ, ಬಿಲ್ ಬುಕ್ಕಿನ ಸ್ಕ್ರಿಪ್ಟ್ ಇನ್ನೂ ಮುಟ್ಟಿಲ್ಲ.