ಕಾದಾಡಿ ಬಂದ ನಾಯಿಗೆ ಔಷಧಿ ಡಬ್ಬಿ: ಮಲೆನಾಡಿನ ಮಳೆಗೆ ಯಾವುದು ಸೈ, ಯಾವುದು ಬೇಡ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಎಲ್ಲಿನ ಪಶು ಔಷಧಿ ಅಂಗಡಿಗೇ ಹೋಗಿ 'ನಾಯಿ ಕಚ್ಚಾಡಿಕೊಂಡಿದೆ, ಏನಾದರೂ ಕೊಡಿ' ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದು ಸ್ಪ್ರೇ, ಗಾಯಕ್ಕೆ ಹುಳ ಬೀಳದಂತೆ ಉದುರಿಸುವ ಒಂದು ಹುಳದ ಪುಡಿ. ಎರಡಕ್ಕೂ ಅದರದರ ಕೆಲಸ ಇದೆ. ಆದರೆ ಕಚ್ಚಿದ ಗಾಯಕ್ಕೆ ಮೊದಲು ಕೊಳ್ಳಬೇಕಾದದ್ದು ಅವಲ್ಲ. ಅರ್ಧ ಲೀಟರಿನ ನಾರ್ಮಲ್ ಸಲೈನ್ (ಡ್ರಿಪ್ ಹಾಕಲು ಬಳಸುವ ಉಪ್ಪುನೀರು) ಬಾಟಲಿ ಎರಡು, 20 ಮಿ.ಲೀ. ಸಿರಿಂಜ್ ಒಂದು. ಇಡೀ ಡಬ್ಬಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವುದು ಇವೇ.

ಕೋರೆಹಲ್ಲು ಚರ್ಮದ ಮೇಲೆ ಮಾಡುವ ತೂತು ತೊಗರಿಕಾಳಿನಷ್ಟು. ನಾಯಿಯ ಚರ್ಮ ಸಡಿಲ. ಎದುರಾಳಿ ಕಚ್ಚಿ ಹಿಡಿದು ಒದರಿದಾಗ ಚರ್ಮ ಹಲ್ಲಿನ ಜತೆ ಸರಿಯುತ್ತದೆ, ಒಳಗಿನ ಮಾಂಸ ಸರಿಯದೆ ಜಜ್ಜಿ ಹರಿಯುತ್ತದೆ. ಚರ್ಮ ಮಾಂಸ ಬಿಟ್ಟು ಎದ್ದು ಒಳಗೊಂದು ಜೇಬು ಆಗುತ್ತದೆ. ಕೂದಲು, ಮಣ್ಣು, ಹಲ್ಲಿನ ಮೇಲಿದ್ದ ರೋಗಾಣು ಎಲ್ಲವೂ ಆ ಜೇಬಿನಲ್ಲಿ ಉಳಿಯುತ್ತವೆ. ತೂತು ಒಂದೆರಡು ದಿನಕ್ಕೆ ಮುಚ್ಚಿ 'ವಾಸಿಯಾಯ್ತು' ಅನ್ನಿಸಿ, ಮೂರ್ನಾಲ್ಕನೇ ದಿನ ಕೀವು ಕಟ್ಟಿ ಊದಿ, ನಾಯಿ ಅನ್ನ ಬಿಡುತ್ತದೆ. ಮೇಲಿನಿಂದ ಪುಡಿ ತುಂಬಿದರೆ ಕೀವಿಗೆ ಹೊರಬರುವ ದಾರಿಯೂ ಮುಚ್ಚಿತು. ಇಂಥ ಗಾಯವನ್ನು ವೈದ್ಯರು ಎಷ್ಟೋ ಸಲ ಹೊಲಿಯದೆ ಬಿಡುವುದು, ಇಲ್ಲವೇ ರಬ್ಬರ್ ಪಟ್ಟಿಯ ಡ್ರೈನ್ ಇಟ್ಟು ಮೂರರಿಂದ ಐದು ದಿನ ಸೋರಲು ಬಿಡುವುದು ಅದಕ್ಕೇ. 'ಹೊಲಿಗೆ ಹಾಕಲೇ ಇಲ್ಲ' ಎಂದು ಅವರನ್ನು ದೂರಬೇಡಿ.

ತೊಳೆಯುವ ಕ್ರಮ ಹೀಗೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ಮಳೆಯಲ್ಲಿ ನೆನೆದು ರಕ್ತ ಕಳೆದುಕೊಂಡ ನಾಯಿಗೆ ತಣ್ಣನೆಯ ನೀರು ಒಳ್ಳೆಯದಲ್ಲ. ಕೂದಲು ಕತ್ತರಿಸುವ ಮುಂಚೆ ಗಾಯದ ಬಾಯಿಗೆ ನೀರಿನಲ್ಲಿ ಕರಗುವ ಜೆಲ್ಲಿ ತುಂಬಿ. ಕತ್ತರಿಸಿದ ಕೂದಲು ಒಳಗೆ ಬೀಳದೆ ಜೆಲ್ಲಿಗೆ ಅಂಟುತ್ತದೆ, ಆಮೇಲೆ ಒರೆಸಿ ತೆಗೆಯಬಹುದು. ಗಾಯದ ಸುತ್ತ ಎರಡು ಬೆರಳಗಲ ಬೋಳಿಸಿದರೆ ಮೊದಲು ಕಾಣದ ಇನ್ನೂ ನಾಲ್ಕು ತೂತು ಕಾಣುತ್ತವೆ, ಇದು ಹೆಚ್ಚುಕಡಿಮೆ ಖಾತ್ರಿ. ಸಿರಿಂಜ್‌ಗೆ 18 ಗೇಜಿನ ಕ್ಯಾನುಲಾದ (ಡ್ರಿಪ್ ಹಾಕುವ ಸೂಜಿ-ಕೊಳವೆ) ಪ್ಲಾಸ್ಟಿಕ್ ಕೊಳವೆ ಮಾತ್ರ ಸಿಕ್ಕಿಸಿ, ಒಳಗಿನ ಸೂಜಿ ತೆಗೆದುಬಿಡಿ. ಬರಿಯ ಸಿರಿಂಜ್‌ನಲ್ಲಿ ಒತ್ತಡ ಸಾಲದು, ಸೂಜಿ ಇದ್ದರೆ ನಾಯಿ ಕೊಸರಿದಾಗ ಚುಚ್ಚುತ್ತದೆ. ಒಂದೊಂದು ಗಾಯಕ್ಕೂ ಕನಿಷ್ಠ 100 ಮಿ.ಲೀ. ಹಾಯಿಸಿ. ಒಳಗೆ ಹೋದ ನೀರು ಹೊರಗೆ ಬರುತ್ತಿದೆಯೇ ಎಂದು ನೋಡುತ್ತಿರಿ. ಕಿರಿದಾದ ತೂತಿಗೆ ಒತ್ತಿ ಬಿಟ್ಟರೆ ನೀರು ಮಾಂಸದ ಪದರ ಬಿಡಿಸಿಕೊಂಡು ಹೋಗಿ ಕೊಳೆಯನ್ನೂ ಇನ್ನಷ್ಟು ಒಳಗೆ ಒಯ್ಯುತ್ತದೆ. ಎದೆಯ ಗಾಯದಲ್ಲಿ ಗುಳ್ಳೆ ಬಂದರೆ, ಉಸಿರಿನ ಜತೆ ಗಾಳಿ ಎಳೆದರೆ, ಹೊಟ್ಟೆಯ ಗಾಯ ಆಳವಾಗಿದ್ದರೆ ತೊಳೆಯಲೇಬೇಡಿ. ಒದ್ದೆ ಗಾಜ್ ಬಟ್ಟೆ ಮುಚ್ಚಿ ಹೊರಡಿ.

ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಸೇರಿಸುವುದಾದರೆ 10% ದ್ರಾವಣವನ್ನು 500 ಮಿ.ಲೀ. ಸಲೈನ್‌ಗೆ 5 ಮಿ.ಲೀ. ಮಾತ್ರ. ಬಣ್ಣ ತಿಳಿ ಚಹಾದಂತಿರಬೇಕು. ಕಡು ಕಂದು ಬಣ್ಣದ ನೀರು ರೋಗಾಣುವಿನ ಜತೆ ಗಾಯ ಕೂಡಿಸುವ ಜೀವಕೋಶಗಳನ್ನೂ ಸುಡುತ್ತದೆ. ಕೊಳ್ಳುವಾಗ ಲೇಬಲ್ ಓದಿ: 'ಸಲ್ಯೂಷನ್' ಬೇಕು, 'ಸ್ಕ್ರಬ್' ಬೇಡ, ಅದರಲ್ಲಿ ಸೋಪು ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಡೆಟಾಲ್, ಫಿನಾಯಿಲ್ ಯಾವುದೂ ಗಾಯದೊಳಗೆ ಬೇಡ. ಸಲೈನ್ ಸಿಗದ ಊರಲ್ಲಿ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದರೆ ಆಯಿತು. ಬಾಟಲಿ ತೆರೆದ ದಿನವೇ ಮುಗಿಸಿ, ಉಳಿದದ್ದು ಚೆಲ್ಲಿ.

ಇನ್ನು ಹುಳದ ಪುಡಿ. ಮಲೆನಾಡಿನಲ್ಲಿ ಇದನ್ನು ಬೇಡ ಎನ್ನಲು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಯದ ಮೇಲೆ ನೊಣ ಕೂತರೆ ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ನಮ್ಮ ದೇಶದಲ್ಲಿರುವ ಸ್ಕ್ರೂವರ್ಮ್ ನೊಣದ ಮರಿಹುಳ ಕೊಳೆತ ಮಾಂಸಕ್ಕೆ ನಿಲ್ಲದೆ ಜೀವಂತ ಮಾಂಸವನ್ನೇ ಕೊರೆಯುತ್ತದೆ. ಅಂಗಡಿಗಳಲ್ಲಿ ಹೆಸರಾದ ನೆಗಸಂಟ್ ಪುಡಿಯಲ್ಲಿರುವುದು ಕೌಮಾಫಾಸ್, ಪ್ರೊಪಾಕ್ಸರ್, ಸಲ್ಫನಿಲಮೈಡ್. ಮೊದಲೆರಡು ಕೀಟನಾಶಕಗಳು. ಹುಳಕ್ಕೆ ತಾಗುವ ವಿಷ ನೆಕ್ಕಿದ ನಾಯಿಗೂ ತಾಗುತ್ತದೆ: ಜೊಲ್ಲು, ವಾಂತಿ, ಕಣ್ಣಪಾಪೆ ಚಿಕ್ಕದಾಗುವುದು, ಮೈ ನಡುಕ. ಹಾಗೆ ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಹತ್ತಿರ ಓಡಬೇಕು, ಅಟ್ರೋಪಿನ್ ಚುಚ್ಚುಮದ್ದು ಅವರೇ ಕೊಡಬೇಕು. ಆದ್ದರಿಂದ ಪುಡಿ ಗಾಯದ ಅಂಚಿಗೆ ತೆಳ್ಳಗೆ, ಆಳದ ತೂತಿಗೆ ತುಂಬುವುದಲ್ಲ. ಕೈಗವಸು ಹಾಕಿಕೊಳ್ಳಿ. ಮರಿಗಳಿಗೆ ಬೇಡ. ಉಣುಗಿನ ಔಷಧಿಯಲ್ಲಿ ಮೀಯಿಸಿದ ವಾರವೂ ಬೇಡ.

ಹುಳ ಆಗಲೇ ಬಿದ್ದಿದ್ದರೆ ಟರ್ಪೆಂಟೈನ್, ಸೀಮೆಎಣ್ಣೆ ಸುರಿಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಹಸಿ ಮಾಂಸದ ಮೇಲೆ ಅದು ಬೆಂಕಿಯಂತೆ ಉರಿಯುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಹುಳ ಉಸಿರಾಡುವುದು ಹಿಂಬದಿಯಿಂದ. ಗಾಯದ ಬಾಯಿಗೆ ಪೆಟ್ರೋಲಿಯಂ ಜೆಲ್ಲಿ ಬಳಿದರೆ ಗಾಳಿ ಸಿಗದೆ ಮೇಲೆ ಬರುತ್ತದೆ, ಆಗ ಚಿಮಟದಲ್ಲಿ ತೆಗೆಯಿರಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬೆಳಿಗ್ಗೆ ಸಂಜೆ ನೋಡಬೇಕು, ಕೂದಲಿನ ಬುಡದಲ್ಲಿ ಅಕ್ಕಿನುಚ್ಚಿನ ಹಾಗೆ ಅಂಟಿದ ಮೊಟ್ಟೆಯನ್ನೂ ಕತ್ತರಿಸಿ ತೆಗೆಯಬೇಕು.

ಸ್ಪ್ರೇಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತರಚು ಗಾಯಕ್ಕೆ ಸರಿ, ಕೀವು ಸೋರಬೇಕಾದ ಗಾಯಕ್ಕೆ ಬೇಡ. 'ಬುಸ್' ಎನ್ನುವ ಸದ್ದಿಗೇ ಹೆದರಿ ಕಚ್ಚುವ ನಾಯಿಗಳಿವೆ. ಹತ್ತಿಗೆ ಹೊಡೆದು ಆಮೇಲೆ ಒತ್ತಿ.

ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಮೂರು ಬಗೆಯಲ್ಲಿ ಸಿಗುತ್ತದೆ: ಪ್ಲಾಸ್ಟಿಕ್, ಬಟ್ಟೆಯದು, ಗಾಳಿ ತುಂಬುವ ಉಂಗುರ. ಮಳೆಗಾಲಕ್ಕೆ ಪ್ಲಾಸ್ಟಿಕ್ ಒಂದೇ ಸೈ, ಅದೂ ಪಾರದರ್ಶಕವಾದದ್ದು. ಬೆದರಿದ ನಾಯಿಗೆ ಪಕ್ಕದಲ್ಲಿ ಯಾರು ಬರುತ್ತಿದ್ದಾರೆಂದು ಕಾಣಬೇಕು. ಬಟ್ಟೆಯದು ಆಗುಂಬೆ, ಹೊಸನಗರದ ಕಡೆ ವಾರವಾದರೂ ಒಣಗದು, ಒದ್ದೆ ಬಟ್ಟೆ ಕೊರಳಿನ ಚರ್ಮವನ್ನು ಕೊಳೆಸುತ್ತದೆ. ಗಾಳಿ ಉಂಗುರ ಹಾಕಿದ ನಾಯಿ ಆರಾಮವಾಗಿ ಮುಂಗಾಲು ನೆಕ್ಕುತ್ತದೆ. ಕಾದಾಟದ ಗಾಯ ಹೆಚ್ಚಾಗಿ ಇರುವುದೇ ಮುಖ, ಕೊರಳು, ಮುಂಗಾಲಲ್ಲಿ. ಅಳತೆ: ಅಂಚು ಮೂಗಿನ ತುದಿಗಿಂತ ಎರಡು ಮೂರು ಸೆಂ.ಮೀ. ಮುಂದಿರಬೇಕು, ಕೊರಳಲ್ಲಿ ಎರಡು ಬೆರಳು ತೂರಬೇಕು. ಕೊರಳಿನಲ್ಲೇ ಗಾಯವಿದ್ದರೆ ಕೋನ್‌ನ ಒಳ ಅಂಚು ಅದನ್ನೇ ಉಜ್ಜುತ್ತದೆ. ತನ್ನ ಕೊರಳನ್ನು ನಾಯಿ ನೆಕ್ಕಲಾರದು, ಕೆರೆಯುವುದು ಹಿಂಗಾಲಿನಿಂದ. ಹಿಂಗಾಲಿಗೆ ಮಕ್ಕಳ ಹತ್ತಿ ಕಾಲುಚೀಲ ಹಾಕಿದರೆ ಸಾಕು. ಅಡಿಕೆ ಹಾಳೆಯನ್ನು ನೆನೆಸಿ ಕೋನ್ ಮಾಡಿದರೆ ಒಂದು ರಾತ್ರಿಗೆ ನಡೆದೀತು. ಒಣಗಿದರೆ ಅಂಚು ಕೊಯ್ಯುತ್ತದೆ, ನೆನೆದರೆ ಮೆತ್ತಗಾಗುತ್ತದೆ.

ಬಾಯಿಕುಕ್ಕೆ ಕೊಳ್ಳುವಾಗ ಬುಟ್ಟಿಯಂಥದ್ದೇ ಇರಲಿ. ಒಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬೇಕು, ನೀರು ಕುಡಿಯಬೇಕು. ಮೂತಿಯ ಸುತ್ತಳತೆಯನ್ನು ಬಾಯಿ ತೆರೆದಾಗಿನ ಲೆಕ್ಕದಲ್ಲಿ ಹಿಡಿಯಿರಿ. ನೈಲಾನ್ ಪಟ್ಟಿಯದು ಬಾಯಿ ಬಿಗಿದುಬಿಡುತ್ತದೆ. ಐದು ನಿಮಿಷದ ಚುಚ್ಚುಮದ್ದಿಗೆ ಸರಿ, ಜೀಪಿನ ಪ್ರಯಾಣಕ್ಕೆ ಅಪಾಯ. ಲ್ಯಾಬ್ರಡಾರ್ ಅಳತೆಯ ಬುಟ್ಟಿ ಮುಧೋಳದ ಸಪೂರ ಮೂತಿಯಿಂದ ಜಾರುತ್ತದೆ. ವಾಂತಿ ಮಾಡುತ್ತಿರುವ, ಉಸಿರಿಗೆ ಕಷ್ಟಪಡುತ್ತಿರುವ ನಾಯಿಗೆ ಯಾವ ಬಾಯಿಕುಕ್ಕೆಯೂ ಬೇಡ. ದಪ್ಪ ಟವೆಲ್ ಸುರುಳಿ ಮಾಡಿ ಕೊರಳ ಸುತ್ತ ಹಿಡಿಯಿರಿ.

ನೋವಿಗೆಂದು ಮನೆಯ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಆ್ಯಂಟಿಬಯೋಟಿಕ್ ಯಾವುದು, ಎಷ್ಟು ದಿನ ಎಂಬುದು ತೂಕ ನೋಡಿ ವೈದ್ಯರು ಹೇಳಬೇಕಾದ್ದು. ಒಸಡು ಬಿಳಿಚಿದ್ದರೆ ರಕ್ತ ಹೋಗಿದೆ ಎಂದಷ್ಟೇ ತಿಳಿಯಬೇಡಿ, ಕಾಡಂಚಿನ ನಾಯಿಗೆ ಉಣುಗಿನ ಜ್ವರವೂ ಇರಬಹುದು, ರಕ್ತಪರೀಕ್ಷೆ ಕೇಳಿ. ತಾಲ್ಲೂಕಿನಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಇದೆ. ಆಗುಂಬೆಯಿಂದ ಸುಮಾರು 90 ಕಿ.ಮೀ. ದಾರಿ, ಹಾಗಾಗಿ ತೊಳೆಯುವ ಕೆಲಸ ಹೊರಡುವ ಮುಂಚೆಯೇ ಆಗಿರಬೇಕು. ಹಿಡಿದವರಿಗೆ ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಶುರುಮಾಡಿ.

ಡಬ್ಬಿಯಲ್ಲಿ ಒಂದು ಸ್ಕೇಲೂ ಇರಲಿ, ಗಾಯ ಎಂಥದ್ದು ಎಂಬುದಕ್ಕೆ ಸಾಕ್ಷಿ ಬೇಕಾದೀತು. ಬೀದಿ ಕಚ್ಚಾಟದ ಗಾಯ ಒಂದೇ ದಿನದ್ದು. ಕಾಳಗಕ್ಕೆ ಸಾಕಿದ ನಾಯಿಯ ಮುಖ, ಎದೆ, ಮುಂಗಾಲಲ್ಲಿ ಹಸಿ ಗಾಯದ ಪಕ್ಕದಲ್ಲೇ ತಿಂಗಳು, ವರ್ಷ ಹಳೆಯ ಕಲೆಗಳಿರುತ್ತವೆ, ಕಿವಿ ಕತ್ತರಿಸಿರಬಹುದು. ಕಾಡುಹಂದಿಯ ದಾಡೆಯದಾದರೆ ಜೋಡಿ ತೂತಲ್ಲ, ಉದ್ದಕ್ಕೆ ಸೀಳಿದ ಗಾಯ. ತೊಳೆಯುವ ಮೊದಲು ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ, ಕೊರಳ ಸರಪಳಿ ಎಸೆಯಬೇಡಿ, ವೈದ್ಯರಿಂದ ಬರಹದಲ್ಲಿ ಪ್ರಮಾಣಪತ್ರ ಪಡೆಯಿರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಗಳನ್ನು ಕಾದಾಡಿಸುವುದನ್ನೂ ಅದಕ್ಕೆ ಜಾಗ ಕೊಡುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ ಎಂಬುದು ನೋವಿನ ಮಾತು. ಆದರೂ ನಾಯಿಯನ್ನು ಮತ್ತೆ ಅದೇ ಮಾಲೀಕನ ಕೈಗೆ ಸೇರದಂತೆ ತಡೆಯಲು ಈ ಕಾಗದಗಳೇ ಬೇಕು.

ಗಾಯ ಮಾಗುವಾಗ ಇಡುವ ಜಾಗಕ್ಕೆ ದುಬಾರಿ ಗೂಡು ಬೇಡ. ಬಚ್ಚಲ ಒಲೆಯ ಬೆಚ್ಚನೆ ಒಳ್ಳೆಯದೇ, ಬೂದಿಯಲ್ಲಿ ಮಾತ್ರ ಮಲಗಲು ಬಿಡಬೇಡಿ. ಬೇರೆ ನಾಯಿ ಕಣ್ಣಿಗೆ ಬೀಳದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಟಾರ್ಪಾಲಿನ್ ಕಟ್ಟಿದರೆ ಹರಿದು ನುಂಗುವ ಅಪಾಯವಿದೆ. ನಾಯಿಯನ್ನು ಕಂಡರೆ ಎರಗುವ ನಾಯಿ ಮನುಷ್ಯರ ಮೇಲೂ ಎರಗುತ್ತದೆ ಎಂದು ಲೆಕ್ಕ ಹಾಕಬೇಡಿ. 2007ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್‌ನ ಜಾಗದಿಂದ ಬಿಡಿಸಿದ ಸುಮಾರು 50 ಕಾಳಗದ ನಾಯಿಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಳ್ಳಲಾಯಿತು, ಹಲವು ಮನೆಗಳನ್ನೂ ಸೇರಿದವು. ಮೊದಲ ಎರಡು ವಾರ ಬೇರೆ ನಾಯಿಯ ಭೇಟಿ ಬೇಡ. ಆಮೇಲೆ ಇಬ್ಬರು ಎರಡು ನಾಯಿ ಹಿಡಿದು, ನಡುವೆ 30 ಮೀಟರ್ ಬಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ, ಎದುರುಬದುರು ಬೇಡ. ಕಿವಿ ನೆಟ್ಟಗಾಗಿ ದಿಟ್ಟಿಸಿ ನಿಂತಿತೆಂದರೆ ಅಂತರ ಸಾಲದು, ಹಿಂದೆ ಸರಿಯಿರಿ. ನೆಲ ಮೂಸುತ್ತಾ ನಡೆದರೆ ಮಾರನೆಯ ದಿನ ಒಂದೆರಡು ಮೀಟರ್ ಹತ್ತಿರ ತನ್ನಿ.