ಸೆಟ್ರಿಜಿನ್‌ಗೆ ಬಗ್ಗದ ಸೀನಿಗೆ ಫ್ಲುಟಿಕಾಸೋನ್ ಸ್ಪ್ರೇ

ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ಮೂಗಿನಲ್ಲಿ ಸುರಿಯುವ ನೀರು, ಕಣ್ಣಿನ ಮೂಲೆಯಲ್ಲಿ ತುರಿಕೆ, ರಾತ್ರಿ ಮಲಗಿದರೆ ಒಂದು ಹೊಳ್ಳೆ ಪೂರ್ತಿ ಬಂದ್. ಬೆಂಗಳೂರಿನಲ್ಲಿ ಇದಕ್ಕೆ ‘ಡಸ್ಟ್ ಅಲರ್ಜಿ’ ಅಂತ ಹೆಸರಿಟ್ಟು, ಮೆಡಿಕಲ್ ಶಾಪಿನ ಸೆಟ್ರಿಜಿನ್ ನುಂಗಿ ವರ್ಷಗಟ್ಟಲೆ ದೂಡುವವರು ಮನೆಗೊಬ್ಬರು ಇರುತ್ತಾರೆ. ಆ ಮಾತ್ರೆ ಸೀನು, ತುರಿಕೆಯನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ. ಕಟ್ಟಿದ ಮೂಗನ್ನು ಬಿಡಿಸುವುದು ಮಾತ್ರ ಅದರ ಕೈಲಿ ಆಗುವುದಿಲ್ಲ. ಮಾತ್ರೆ ತಡೆಯುವುದು ಅಲರ್ಜಿಯಾದಾಗ ಮೈ ಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಒಂದನ್ನೇ. ಮೂಗು ಕಟ್ಟುವುದು ಒಳಪೊರೆ ಊದಿಕೊಂಡಾಗ. ಆ ಊತವನ್ನೇ ಇಳಿಸುವ ಮದ್ದು ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಕೊಳ್ಳಬೇಡಿ.

ಇಲ್ಲಿ ಹೇಳುತ್ತಿರುವುದು ಫ್ಲುಟಿಕಾಸೋನ್ ಫ್ಯೂರೊಯೇಟ್ ಸ್ಪ್ರೇ ಬಗ್ಗೆ. ಆವಾಮಿಸ್, ಫ್ಯೂರಾಮಿಸ್ಟ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಒಂದು ಸಲ ಒತ್ತಿದರೆ 27.5 ಮೈಕ್ರೋಗ್ರಾಮ್. ದೊಡ್ಡವರಿಗೆ ಶುರುವಿನಲ್ಲಿ ಪ್ರತಿ ಹೊಳ್ಳೆಗೆ ಎರಡು ಸಲ, ದಿನಕ್ಕೊಮ್ಮೆ. 120 ಸ್ಪ್ರೇಗಳ ಬಾಟಲಿ ಆ ಲೆಕ್ಕದಲ್ಲಿ 30 ದಿನ ಬರುತ್ತದೆ. ಹತೋಟಿಗೆ ಬಂದ ಮೇಲೆ ಡಾಕ್ಟರು ಹೊಳ್ಳೆಗೆ ಒಂದಕ್ಕೆ ಇಳಿಸಿದರೆ ಅದೇ ಬಾಟಲಿ ಎರಡು ತಿಂಗಳು. ಹಳೆಯ ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಸ್ಪ್ರೇಗಳಲ್ಲಿ ಹೂವಿನಂಥ ವಾಸನೆ ಇರುತ್ತದೆ, ಅಗರಬತ್ತಿ ಹೊಗೆಗೂ ಸೀನುವ ಮೂಗಿಗೆ ಅದು ಆಗಿಬರುವುದಿಲ್ಲ. ಇದಕ್ಕೆ ವಾಸನೆ ಇಲ್ಲ. ಕಣ್ಣಿನ ತುರಿಕೆಯೂ ಇದರಿಂದ ತಗ್ಗುತ್ತದೆ. ಆವಾಮಿಸ್ ಬಾಟಲಿಯ ಪಕ್ಕದಲ್ಲಿ ಒತ್ತುವ ಗುಂಡಿ ಇದೆ, ಮೂತಿ ಗಿಡ್ಡ. ಹೀಗಾಗಿ ಒತ್ತುವಾಗ ಮೂತಿ ಅಲುಗಿ ಮೂಗಿಗೆ ಚುಚ್ಚುವುದಿಲ್ಲ. ಎಷ್ಟು ಉಳಿದಿದೆ ಎಂದು ನೋಡಲು ಸಣ್ಣ ಕಿಂಡಿಯೂ ಇದೆ.

‘ನಾಲ್ಕು ದಿನ ಹಾಕಿದೆ, ಏನೂ ಆಗಲಿಲ್ಲ’ ಎಂಬುದು ಈ ಸ್ಪ್ರೇ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಬಹಳಷ್ಟು ಸಲ ಮದ್ದಿನದು ತಪ್ಪಿರುವುದಿಲ್ಲ. ಒಟ್ರಿವಿನ್‌ನಂಥ ಕ್ಸೈಲೊಮೆಟಾಜೊಲಿನ್ ಡ್ರಾಪ್ಸ್ ಹಾಕಿ ರೂಢಿಯಾದವರು ಐದೇ ನಿಮಿಷದಲ್ಲಿ ಮೂಗು ತೆರೆಯಬೇಕೆಂದು ಕಾಯುತ್ತಾರೆ. ಡ್ರಾಪ್ಸ್ ರಕ್ತನಾಳವನ್ನು ಹಿಂಡುತ್ತದೆ, ಅದಕ್ಕೇ ಅಷ್ಟು ಬೇಗ. ವಾರ ದಾಟಿ ಹಾಕುತ್ತಾ ಹೋದರೆ ಅದೇ ಡ್ರಾಪ್ಸ್ ಮೂಗನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿಸುತ್ತದೆ, ಆಮೇಲೆ ಅದಿಲ್ಲದೆ ನಿದ್ದೆ ಇಲ್ಲ. ಸ್ಟೀರಾಯ್ಡ್ ಸ್ಪ್ರೇ ಮೊದಲ ದಿನವೇ ಕೆಲಸ ಶುರು ಮಾಡಿದರೂ ಪೂರ್ತಿ ಫಲ ಕಾಣಲು ಹಲವು ದಿನ, ಕೆಲವರಿಗೆ ಎರಡು ವಾರ ಬೇಕು. ಸೀನು ಬಂದ ದಿನ ಮಾತ್ರ ಹಾಕಿ ಉಳಿದ ದಿನ ಬಿಟ್ಟರೆ ದುಡ್ಡು ದಂಡ.

ಎರಡನೇ ತಪ್ಪು ಕೈಯದು. ತಲೆ ಹಿಂದಕ್ಕೆ ಎತ್ತಿ, ಮೂತಿಯನ್ನು ನೇರ ಮೇಲಕ್ಕೆ ಹಿಡಿದು, ಒತ್ತಿದ ಕೂಡಲೇ ಜೋರಾಗಿ ಸೊರ್ ಎಂದು ಎಳೆದುಕೊಂಡರೆ ಮದ್ದೆಲ್ಲ ಗಂಟಲಿಗೆ. ಅದು ಮೂಗಿನ ಒಳಗೋಡೆಗೆ ಅಂಟಿ ಕೂರಬೇಕು. ಬಾಟಲಿಯನ್ನು ಚೆನ್ನಾಗಿ ಕುಲುಕಿ. ಹೊಸ ಬಾಟಲಿಯಾದರೆ ಸಣ್ಣ ಮಂಜಿನಂತೆ ಹೊರಬರುವವರೆಗೆ ಗಾಳಿಗೆ ಒತ್ತಿ, ಸುಮಾರು ಆರು ಸಲ ಬೇಕಾಗುತ್ತದೆ. ಮೂಗು ಮೆಲ್ಲಗೆ ಸೀಟಿ, ಕಾಲ್ಬೆರಳು ನೋಡುವಷ್ಟು ತಲೆ ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಅಡ್ಡ ಹಿಡಿದರೆ ಮೂತಿ ತಾನಾಗಿ ಹೊರಗಡೆಗೆ, ಅದೇ ಬದಿಯ ಕಣ್ಣಿನ ಹೊರಮೂಲೆಯ ಕಡೆಗೆ ತಿರುಗುತ್ತದೆ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆದು, ಬಾಯಿಂದ ಬಿಡಿ. ಗಂಟಲಲ್ಲಿ ಮದ್ದು ಇಳಿದಂತಾದರೆ ಎಳೆದದ್ದು ಹೆಚ್ಚಾಯಿತು ಎಂದೇ ಅರ್ಥ.

ಈ ಕೋನಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ನವಿರಾದ ರಕ್ತನಾಳಗಳ ಜಾಲವಿದೆ. ದಿನಾ ಅಲ್ಲಿಗೇ ಹೊಡೆದರೆ ಒಣಗಿ, ಹಕ್ಕಳೆ ಕಟ್ಟಿ, ಸೀಟಿದಾಗ ಕರವಸ್ತ್ರದಲ್ಲಿ ರಕ್ತದ ಗೆರೆ ಕಾಣುತ್ತದೆ. ಹಾಗಾದರೆ ಕೆಲವು ದಿನ ನಿಲ್ಲಿಸಿ, ಕೋನ ಸರಿಮಾಡಿಕೊಂಡು ಮತ್ತೆ ಶುರುಮಾಡಿ. ಮತ್ತೆ ಮತ್ತೆ ಬಂದರೆ ಇ.ಎನ್.ಟಿ. ಡಾಕ್ಟರಿಗೆ ಮೂಗಿನ ಒಳಗೆ ನೋಡಲು ಹೇಳಿ. ಮೂತಿ ಕಟ್ಟಿಕೊಂಡರೆ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಪಿನ್ನು ಹಾಕಿ ಕೆದಕಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ.

ಸ್ಟೀರಾಯ್ಡ್ ಎಂದ ಕೂಡಲೇ ಹೆದರಿ ಬಾಟಲಿಯನ್ನು ಮೂಲೆಗೆ ಎಸೆಯುವವರಿಗೆ ಒಂದು ಲೆಕ್ಕ. ದಿನದ ಪೂರ್ತಿ ಡೋಸು 110 ಮೈಕ್ರೋಗ್ರಾಮ್, ಅದರಲ್ಲಿ ರಕ್ತಕ್ಕೆ ಸೇರುವುದು ನೂರು ಪಾಲಿನಲ್ಲಿ ಬರೀ ಅರ್ಧ ಪಾಲು, ಅಂದರೆ ಶೇಕಡಾ 0.5. ಇದಕ್ಕೆ ಹೆದರಿದವರೇ ‘ಸೀಸನ್ನಿಗೊಂದು ಅಲರ್ಜಿ ಇಂಜೆಕ್ಷನ್’ ಹಾಕಿಸಿಕೊಂಡು ಬರುವುದು ನೋಡಿದರೆ ಸಂಕಟವಾಗುತ್ತದೆ. ಅದೂ ಸ್ಟೀರಾಯ್ಡೇ, ಮಿಲಿಗ್ರಾಮ್ ಲೆಕ್ಕದಲ್ಲಿ, ವಾರಗಟ್ಟಲೆ ಇಡೀ ಮೈಗೆ. ಸಕ್ಕರೆ ಕಾಯಿಲೆ ಇರುವವರಿಗಂತೂ ದೊಡ್ಡ ಪೆಟ್ಟು. ಸ್ಪ್ರೇಯಲ್ಲೂ ಎಚ್ಚರ ಬೇಕಾದ ಜಾಗಗಳಿವೆ: ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ), ಕಣ್ಣಿನ ಪೊರೆ ಇರುವವರು ಮೊದಲೇ ಹೇಳಬೇಕು, ಎಚ್‌ಐವಿಗೆ ರಿಟೊನಾವಿರ್ ತೆಗೆದುಕೊಳ್ಳುವವರು ಬಳಸಬಾರದು, ಮಕ್ಕಳಿಗೆ ತಿಂಗಳುಗಟ್ಟಲೆ ಹಾಕುವಾಗ ಎತ್ತರ ಅಳೆಯುತ್ತಿರಬೇಕು. ಅಲರ್ಜಿಗೆ ಮಾಂಟೆಲುಕಾಸ್ಟ್ ಎಂಬ ಮದ್ದು ಬೆರೆಸಿದ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವಂಥದ್ದು. ಮನಸ್ಸು, ನಿದ್ದೆಯ ಮೇಲಿನ ಪರಿಣಾಮಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಮಾಂಟೆಲುಕಾಸ್ಟ್ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಸ್ಪ್ರೇಯನ್ನು ಸರಿಯಾಗಿ ಬಳಸಿ ನೋಡುವ ಮೊದಲು ಅದಕ್ಕೆ ಹೋಗುವುದು ಬೇಡ.

ಸ್ಪ್ರೇ ಜೊತೆಗೆ ಕೊಳ್ಳಲೇಬೇಕಾದ್ದು 240 ಮಿ.ಲೀ.ನ ಮೂಗು ತೊಳೆಯುವ ಬಾಟಲಿ. ಜಲನೇತಿ ಪಾತ್ರೆ ಇದ್ದರೆ ಅದೂ ಸಾಕು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ಬೋರ್‌ವೆಲ್ ನೀರಲ್ಲ, ಆರ್‌ಓ ಫಿಲ್ಟರಿನ ನೀರೂ ಅಲ್ಲ, ಯಾಕೆಂದರೆ ಮೂಗಿನ ಮೂಲಕ ಮೆದುಳಿಗೆ ಏರಿ ಜೀವ ತೆಗೆಯುವ ಅಮೀಬಾ ನೀರಿನಲ್ಲಿ ಇರಬಹುದು. ಅಯೋಡಿನ್ ಇಲ್ಲದ ಶುದ್ಧ ಉಪ್ಪು ಮೂರು ಪಾಲು, ಅಡುಗೆ ಸೋಡಾ ಒಂದು ಪಾಲು ಬೆರೆಸಿಟ್ಟು, ಬಾಟಲಿಗೆ ಒಂದು ಸಣ್ಣ ಚಮಚ ಹಾಕಿ. ಉಪ್ಪು ಹಾಕದ ನೀರು ಈಜುಕೊಳದಲ್ಲಿ ಮೂಗಿಗೆ ನೀರು ಹೋದಂತೆ ಸುರ್ರೆನ್ನುತ್ತದೆ. ಸಿಂಕಿನ ಮೇಲೆ ಬಗ್ಗಿ, ಬಾಯಿ ತೆರೆದು ಉಸಿರಾಡುತ್ತಾ ತೊಳೆಯಿರಿ. ಮೂಗು ಪೂರ್ತಿ ಕಟ್ಟಿದ್ದಾಗ ಜೋರಾಗಿ ಒತ್ತಿದರೆ ನೀರು ಕಿವಿ ಕಡೆ ನುಗ್ಗುತ್ತದೆ. ತೊಳೆದು ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹಾಕಿ. ಮೊದಲು ಸ್ಪ್ರೇ ಹಾಕಿ ಆಮೇಲೆ ತೊಳೆದರೆ ಮದ್ದೂ ಸಿಂಕಿಗೆ.

ಇಷ್ಟೆಲ್ಲ ಸರಿಯಾಗಿ ನಾಲ್ಕು ವಾರ ಮಾಡಿದರೂ ತೃಪ್ತಿ ಇಲ್ಲದಿದ್ದರೆ ಹಿಸ್ಟಮಿನ್ ತಡೆಯುವ ಅಜೆಲಾಸ್ಟಿನ್ ಬೆರೆತ ಸ್ಪ್ರೇ ಬಗ್ಗೆ ಕೇಳಿ. ಸೀನಿಗೆ ಇದು ಬೇಗ ಹಿಡಿಯುತ್ತದೆ, ಆದರೆ ಕಹಿ; ತಲೆ ಬಗ್ಗಿಸಿ ಹಾಕಿದರೆ ನಾಲಿಗೆಗೆ ಅಷ್ಟು ಇಳಿಯುವುದಿಲ್ಲ. ಅದರ ಮುಂದಿನ ಹೆಜ್ಜೆ ಅಲರ್ಜಿ ಯಾವುದಕ್ಕೆ ಎಂದು ಚರ್ಮವನ್ನು ಮೆಲ್ಲಗೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್. ಅದಕ್ಕೆ ಸುಮಾರು ಒಂದು ವಾರ ಮೊದಲೇ ಸೆಟ್ರಿಜಿನ್ ಜಾತಿಯ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಇರುವ ಅಲರ್ಜಿಯೂ ತೋರುವುದಿಲ್ಲ. ಫಲ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೈ ಮೇಲೇ ಕಾಣುತ್ತದೆ. ನೂರಾರು ಆಹಾರಗಳ ರಕ್ತಪರೀಕ್ಷೆಯ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮೂಗಿನ ಅಲರ್ಜಿಗೆ ಬೇಕಾದ್ದು ಧೂಳುಹುಳ, ಕಾಂಗ್ರೆಸ್ ಗಿಡದ ಪರಾಗ, ಜಿರಲೆ, ಬೂಷ್ಟು, ಸಾಕುಪ್ರಾಣಿಗಳ ಪಟ್ಟಿ. ಧೂಳುಹುಳ ಎಂದು ಬಂದರೆ ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಕಾಂಗ್ರೆಸ್ ಗಿಡವಾದರೆ, ಮಳೆ ಹಿಡಿದು ಖಾಲಿ ಸೈಟುಗಳಲ್ಲಿ ಅದು ಬಿಳಿ ಹೂ ಬಿಡುವ ಎರಡು ವಾರ ಮೊದಲೇ ಸ್ಪ್ರೇ ಶುರುಮಾಡಿ.

ಟೆಸ್ಟಿನಲ್ಲಿ ಸಿಕ್ಕ ಕಾರಣವೂ ನಿಮ್ಮ ತೊಂದರೆಯೂ ತಾಳೆಯಾದರೆ ಇಮ್ಯುನೋಥೆರಪಿ ಇದೆ, ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವುದು. ಇಂಜೆಕ್ಷನ್ ಅಥವಾ ನಾಲಿಗೆಯಡಿಯ ಹನಿ, ಮೂರರಿಂದ ಐದು ವರ್ಷ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿಕೊಂಡು ನೋಡದೆ, ಅಲರ್ಜಿ ಜೀವಕ್ಕೆ ಮುಳುವಾದಾಗ ಕೊಡುವ ಅಡ್ರಿನಲಿನ್ ಮದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳದೆ ಕೊಡುವ ಜಾಗವಾದರೆ ಎದ್ದು ಬನ್ನಿ.